ಪ್ರಾಸ್ಟೇಟ್ ದೊಡ್ಡದಾದರೆ ಕಿಡ್ನಿಗೇಕೆ ಕುತ್ತು?

ಮನೆಯ ಯಜಮಾನರು ರಾತ್ರಿ ಎಷ್ಟು ಸಲ ಒಂದಕ್ಕೆ ಏಳುತ್ತಾರೆ ಎಂಬ ಪ್ರಶ್ನೆಗೆ ಅವರಿಗಿಂತ ಸರಿಯಾದ ಉತ್ತರ ಕೊಡುವವರು ಅವರ ಹೆಂಡತಿ. ಅವರನ್ನು ಕೇಳಿದರೆ "ಒಂದೋ ಎರಡೋ ಸಲ" ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಆಕೆ, "ಎಲ್ಲಿ ಎರಡು ಸಲ? ನಾಲ್ಕೈದು ಸಲ ಬಾಗಿಲು ತೆಗೀತಾರೆ. ಹೋದೋರು ಬೇಗ ಬರೋದೂ ಇಲ್ಲ" ಎಂದು ತಿದ್ದುತ್ತಾರೆ. ಆಗ ಯಜಮಾನರು ನಗುತ್ತಾ ಹೇಳುವ ಮಾತು ಒಂದೇ: "ವಯಸ್ಸಾಯ್ತಲ್ಲ ಡಾಕ್ಟ್ರೇ, ಇದೆಲ್ಲ ಇದ್ದದ್ದೇ."

ವಯಸ್ಸಿಗೂ ಇದಕ್ಕೂ ಸಂಬಂಧವಿದೆ ಎಂಬುದು ನಿಜ. ಆದರೆ ವಯಸ್ಸಾಗಿದೆ ಎಂದು ಸುಮ್ಮನಿರಬೇಕು ಎಂಬುದು ನಿಜವಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ನೀರಾವರಿ ಹಳ್ಳಿಯವರಾಗಲಿ, ಮಳೆಯನ್ನೇ ನೆಚ್ಚಿದ ನಾಗಮಂಗಲದ ಹೊಲದವರಾಗಲಿ, ಎರಡೂ ಬಗೆಯ ಭೂಮಿ ಇರುವ ಕೃಷ್ಣರಾಜಪೇಟೆಯವರಾಗಲಿ, ಅರವತ್ತು ದಾಟಿದ ಗಂಡಸರು ಈ ತೊಂದರೆಯನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ಮಾತ್ರ ಒಂದೇ. ಮಂಡಿ ನೋವಿಗೆ, ಕೆಮ್ಮಿಗೆ ಬರುತ್ತಾರೆ. ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ದನಿ ತಗ್ಗಿಸಿ ಇದನ್ನು ಹೇಳುತ್ತಾರೆ. ಕೆಲವರು ಅದನ್ನೂ ಹೇಳದೆ ಹೋಗುತ್ತಾರೆ. ಅಂಥವರಲ್ಲಿ ಕೆಲವರು ಮುಂದೆ ಬರುವುದು ಮೂತ್ರದ ತೊಂದರೆಗಲ್ಲ, ಕಿಡ್ನಿ ಕೆಟ್ಟು ಊದಿದ ಕಾಲುಗಳನ್ನು ತೋರಿಸಲು. ಅದಕ್ಕಾಗಿಯೇ ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಏನಿದು ಪ್ರಾಸ್ಟೇಟ್?

ಇದು ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕತ್ತಿನ ಕೆಳಗೆ, ಗುದನಾಳದ ಮುಂದೆ ಕುಳಿತಿರುತ್ತದೆ. ಹರೆಯದಲ್ಲಿ ಇದರ ತೂಕ ಸುಮಾರು 20 ಗ್ರಾಂ. ಗಾತ್ರ ಒಂದು ದಪ್ಪ ನೆಲ್ಲಿಕಾಯಿಯಷ್ಟು. ವೀರ್ಯದಲ್ಲಿರುವ ದ್ರವದ ಒಂದು ಪಾಲನ್ನು ತಯಾರಿಸುವುದು ಇದರ ಕೆಲಸ. ಇಷ್ಟೇ ಆಗಿದ್ದರೆ ಯಾರೂ ಇದರ ಹೆಸರು ಕೇಳಬೇಕಾಗಿರಲಿಲ್ಲ. ತೊಡಕು ಇರುವುದು ಇದು ಕುಳಿತ ಜಾಗದಲ್ಲಿ. ಮೂತ್ರಕೋಶದಿಂದ ಹೊರಡುವ ಮೂತ್ರನಾಳ ಈ ಗ್ರಂಥಿಯ ನಟ್ಟನಡುವೆ ಹಾದುಹೋಗುತ್ತದೆ. ಗ್ರಂಥಿ ದಪ್ಪವಾದರೆ ನಾಳ ಒತ್ತಿಹೋಗುತ್ತದೆ.

ನಲವತ್ತು ದಾಟಿದ ಮೇಲೆ ಗ್ರಂಥಿಯ ಒಳಭಾಗ ಮೆಲ್ಲಗೆ ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದ ಬಹುಪಾಲು ಗಂಡಸರಲ್ಲಿ ಈ ಬೆಳವಣಿಗೆ ಇರುತ್ತದೆ. ಇದಕ್ಕೆ ಬೇಕಾದದ್ದು ಎರಡೇ: ವಯಸ್ಸು ಮತ್ತು ಗಂಡು ಹಾರ್ಮೋನು. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡವರಿಗೆ ಈ ತೊಂದರೆ ಬರುವುದಿಲ್ಲ. ತಂದೆಗೋ ಅಣ್ಣನಿಗೋ ಇದ್ದರೆ, ಮೈಯಲ್ಲಿ ಬೊಜ್ಜಿದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು. ಬೋರ್‌ವೆಲ್ ನೀರು ಕುಡಿದದ್ದಕ್ಕೆ, ಸೈಕಲ್ ತುಳಿದದ್ದಕ್ಕೆ, ಯೌವನದಲ್ಲಿ ಮಾಡಿದ ಯಾವುದೋ ತಪ್ಪಿಗೆ ಇದು ಬಂದಿದೆ ಎಂದು ಕೊರಗುವವರಿದ್ದಾರೆ. ಆ ಕೊರಗು ಬೇಡ.

ಎಲ್ಲರಿಗೂ ಬೆಳೆದರೂ ಎಲ್ಲರಿಗೂ ತೊಂದರೆ ಆಗುವುದಿಲ್ಲ. ಹೊರಮುಖವಾಗಿ ಬೆಳೆದ ದೊಡ್ಡ ಗ್ರಂಥಿ ಸುಮ್ಮನಿರಬಹುದು. ನಾಳದೊಳಕ್ಕೋ ಮೂತ್ರಕೋಶದೊಳಕ್ಕೋ ಚಾಚಿಕೊಂಡ ಸಣ್ಣ ಗ್ರಂಥಿ ಪ್ರಾಣ ಹಿಂಡಬಹುದು. ಆದ್ದರಿಂದ ಸ್ಕ್ಯಾನಿಂಗ್ ವರದಿಯಲ್ಲಿ "45 ಗ್ರಾಂ" ಎಂದು ಓದಿ ನಿದ್ದೆಗೆಡುವುದಾಗಲಿ, "ಬರೀ 28 ಗ್ರಾಂ" ಎಂದು ನಿಶ್ಚಿಂತರಾಗುವುದಾಗಲಿ ಸರಿಯಲ್ಲ.

ಲಕ್ಷಣಗಳು ನಿಮಗೆ ಗೊತ್ತಿರುವಂಥವೇ. ಹೋಗಿ ನಿಂತರೂ ಮೂತ್ರ ಶುರುವಾಗಲು ಹೊತ್ತು ಹಿಡಿಯುತ್ತದೆ. ಧಾರೆ ಸಣ್ಣಗಾಗುತ್ತದೆ, ನಡುನಡುವೆ ನಿಲ್ಲುತ್ತದೆ, ಮುಕ್ಕಬೇಕಾಗುತ್ತದೆ. ಆಯಿತು ಎಂದು ಪಂಚೆ ಸರಿಮಾಡಿಕೊಂಡ ಮೇಲೆ ನಾಲ್ಕು ಹನಿ ಬೀಳುತ್ತದೆ. ಪೂರ್ತಿ ಹೋಗಲಿಲ್ಲ ಎನ್ನಿಸುತ್ತದೆ. ಇವು ಒಂದು ಬಗೆ. ಪದೇ ಪದೇ ಹೋಗಬೇಕೆನ್ನಿಸುವುದು, ಬಂದರೆ ತಡೆಯಲಾಗದಿರುವುದು, ರಾತ್ರಿ ಏಳುವುದು ಇನ್ನೊಂದು ಬಗೆ. ಮೊದಲನೆಯದು ದಾರಿ ಕಿರಿದಾದದ್ದರ ಗುರುತು. ಎರಡನೆಯದು ಆ ದಾರಿಯೊಂದಿಗೆ ಗುದ್ದಾಡಿ ದಣಿದ ಮೂತ್ರಕೋಶದ ದೂರು.

ಕಟ್ಟೆ ತುಂಬಿದರೆ ಹಿನ್ನೀರು

ಈ ಭಾಗದ ಓದುಗರಿಗೆ ಇದನ್ನು ವಿವರಿಸಲು ಕನ್ನಂಬಾಡಿ ಕಟ್ಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಳೆಗಾಲದಲ್ಲಿ ಕಟ್ಟೆ ಎಷ್ಟು ಅಡಿ ತುಂಬಿತೆಂದು ಪತ್ರಿಕೆಯಲ್ಲಿ ನೋಡುತ್ತೀರಿ. 124.80 ಅಡಿಗೆ ಕಟ್ಟೆ ಭರ್ತಿ. ಒಳಹರಿವು ನಿಲ್ಲದೆ ಬರುತ್ತಿದ್ದು ಗೇಟುಗಳು ಸರಿಯಾಗಿ ತೆರೆಯದಿದ್ದರೆ ಏನಾದೀತೆಂದು ಯೋಚಿಸಿ. ನೀರು ಕಟ್ಟೆಯ ಬಳಿ ಮಾತ್ರ ನಿಲ್ಲುವುದಿಲ್ಲ. ಹಿನ್ನೀರು ಹಿಂದಕ್ಕೆ ಏರುತ್ತಾ ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳ ಹೊಲಗಳಿಗೆ ನುಗ್ಗುತ್ತದೆ.

ಮೂತ್ರಕೋಶವೂ ಒಂದು ಜಲಾಶಯ. ಎರಡು ಕಿಡ್ನಿಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರವನ್ನು ತಯಾರಿಸಿ, ಎರಡು ಸಣ್ಣ ಮೂತ್ರವಾಹಿನಿಗಳ ಮೂಲಕ ಹಗಲೂ ರಾತ್ರಿ ಇದಕ್ಕೆ ಕಳಿಸುತ್ತಿರುತ್ತವೆ. ಆರೋಗ್ಯವಂತರ ಮೂತ್ರಕೋಶ 400 ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಖಾಲಿ ಮಾಡಿದಾಗ ಒಳಗೆ ಹೆಚ್ಚೇನೂ ಉಳಿಯುವುದಿಲ್ಲ.

ತೂಬು ಕಿರಿದಾದಾಗ ಮೂತ್ರಕೋಶ ಮೊದಲು ಸೋಲೊಪ್ಪುವುದಿಲ್ಲ. ಗರಡಿಯಲ್ಲಿ ಸಾಮು ಮಾಡಿದವನ ತೋಳಿನಂತೆ ಅದರ ಗೋಡೆಯ ಮಾಂಸಖಂಡ ದಪ್ಪವಾಗುತ್ತದೆ, ಹೆಚ್ಚು ಬಲದಿಂದ ಹಿಂಡಿ ಮೂತ್ರವನ್ನು ಹೊರತಳ್ಳುತ್ತದೆ. ಈ ಹಂತದಲ್ಲಿ ಮನುಷ್ಯನಿಗೆ ಅಷ್ಟೇನೂ ತೊಂದರೆ ಕಾಣದು. ಆದರೆ ದಪ್ಪಗಾದ ಗೋಡೆ ಮುಂಗೋಪಿ. ಸ್ವಲ್ಪ ತುಂಬಿದರೂ ಸಿಡಿಮಿಡಿಗುಟ್ಟುತ್ತದೆ. ಅದಕ್ಕೇ ಅವಸರ, ಅದಕ್ಕೇ ರಾತ್ರಿ ಏಳುವುದು. ವರ್ಷಗಳು ಕಳೆದಂತೆ ಅದು ದಣಿಯುತ್ತದೆ. ಪೂರ್ತಿ ಹಿಂಡಲಾಗದೆ ಒಳಗೆ ಒಂದಿಷ್ಟು ಉಳಿಸಿಕೊಳ್ಳುತ್ತದೆ. ಮೊದಲು ಒಂದು ಸಣ್ಣ ಲೋಟದಷ್ಟು, ಆಮೇಲೆ ಚೊಂಬಿನಷ್ಟು. ಕೊನೆಗೆ ಜೋಲು ಬಿದ್ದ ಚೀಲದಂತಾಗಿ ಒಂದು ಲೀಟರ್, ಒಂದೂವರೆ ಲೀಟರ್ ಮೂತ್ರ ಅಲ್ಲೇ ನಿಂತಿರುತ್ತದೆ. ಮುಂದಿನದೇ ಹಿನ್ನೀರು. ಒತ್ತಡ ಮೂತ್ರವಾಹಿನಿಗಳನ್ನು ಹಿಗ್ಗಿಸಿ ಮೇಲೇರುತ್ತದೆ, ಕಿಡ್ನಿಗಳನ್ನು ಒಳಗಿನಿಂದ ಉಬ್ಬಿಸುತ್ತದೆ. ಸೋಸುವ ಭಾಗ ತೆಳ್ಳಗಾಗುತ್ತಾ ಹೋಗುತ್ತದೆ. ದಾರಿ ಮುಚ್ಚಿರುವುದು ಎರಡಕ್ಕೂ ಹೊಂದಿದ ಒಂದೇ ತೂಬಿನಲ್ಲಿ. ಹೀಗಾಗಿ ಒಂದು ಕಿಡ್ನಿ ಕೆಟ್ಟರೂ ಇನ್ನೊಂದಿದೆ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ನೋವಿಲ್ಲದ ರೀತಿಯೇ ಅಪಾಯಕಾರಿ

ಗಮನಿಸಬೇಕಾದ ಸಂಗತಿ ಎಂದರೆ, ಮೆಲ್ಲಗೆ ಹಿಗ್ಗಿದ ಮೂತ್ರಕೋಶ ನೋಯುವುದಿಲ್ಲ. ಒಳಗೆ ಒಂದು ಲೀಟರ್ ನಿಂತಿದ್ದರೂ ಮನುಷ್ಯ ನೆಟ್ಟಗೆ ಓಡಾಡಿಕೊಂಡಿರುತ್ತಾನೆ. ತುಂಬಿದ ಕೊಡದಿಂದ ತುಳುಕಿದ ಹಾಗೆ ಆಗಾಗ ಹನಿ ಹನಿಯಾಗಿ ಹೊರಬರುತ್ತಿರುತ್ತದೆ. ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತದೆ. ಮನೆಯವರು ಏನೆಂದುಕೊಳ್ಳುತ್ತಾರೆ? ತಾತನಿಗೆ ಮೂತ್ರ ಹಿಡಿತ ತಪ್ಪಿದೆ, ಬಟ್ಟೆ ಕಟ್ಟಿದರೆ ಸರಿ, ಡೈಪರ್ ತಂದರೆ ಸರಿ. ಸೊಸೆಯಂದಿರು ಮುಖ ಸಿಂಡರಿಸುತ್ತಾರೆ, ಮೊಮ್ಮಕ್ಕಳು ನಗುತ್ತಾರೆ, ಮುದುಕರು ಅವಮಾನದಿಂದ ಜಗಲಿಯಲ್ಲಿ ಮಲಗಲು ಶುರುಮಾಡುತ್ತಾರೆ. ಮೂತ್ರ ಹೆಚ್ಚಾಗಿ ಹೋಗುತ್ತಿದೆ ಎಂದು ಎಲ್ಲರೂ ನಂಬಿರುವಾಗ ನಿಜವಾಗಿ ಆಗಿರುವುದು ಮೂತ್ರ ಹೋಗದಿರುವುದು. ವಯಸ್ಸಾದ ಗಂಡಸರು ಹೊಸದಾಗಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರುಮಾಡಿದರೆ, ಡೈಪರ್ ಅಂಗಡಿಗಿಂತ ಮುಂಚೆ ಸ್ಕ್ಯಾನಿಂಗ್‌ಗೆ ಹೋಗಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಕಿಡ್ನಿ ಸೋಲತೊಡಗಿದಾಗಲೂ ಅದು ಮೂತ್ರದ ಭಾಷೆಯಲ್ಲಿ ಹೇಳುವುದಿಲ್ಲ. ಊಟ ಸೇರದು. ಮುದ್ದೆ ಕಂಡರೆ ವಾಕರಿಕೆ. ಸುಸ್ತು, ಬಿಕ್ಕಳಿಕೆ, ಮೈ ತುರಿಕೆ, ಕಾಲಿನ ಬಾವು, ರಕ್ತ ಕಡಿಮೆಯಾಗಿ ಮುಖ ಬಿಳಿಚಿಕೊಳ್ಳುವುದು. ಕೆ.ಆರ್. ಪೇಟೆ ಕಡೆಯ ಎಪ್ಪತ್ತು ದಾಟಿದ ರೈತರೊಬ್ಬರಿಗೆ ಎರಡು ತಿಂಗಳು "ಗ್ಯಾಸ್ಟ್ರಿಕ್" ಎಂದು ಮಾತ್ರೆ, ಸುಸ್ತಿಗೆಂದು ಗ್ಲೂಕೋಸ್ ಬಾಟಲಿ ನಡೆದಿತ್ತು. ಮಲಗಿಸಿ ಹೊಟ್ಟೆ ಮುಟ್ಟಿದರೆ ಹೊಕ್ಕುಳಿನ ಕೆಳಗೆ ಎಳನೀರು ಬುರುಡೆಯಂಥ ಗಡ್ಡೆ. ಅದು ಗಡ್ಡೆಯಲ್ಲ, ಮೂತ್ರಕೋಶ. ಅವರಿಗೆ ನೋವಿರಲಿಲ್ಲ. "ಒಂದಕ್ಕೆ ಚೆನ್ನಾಗೇ ಹೋಗ್ತದೆ, ಗಂಟೆಗೊಂದು ಸಲ ಹೋಗ್ತೀನಿ" ಎಂದೇ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಮೂತ್ರ ಬಂತು. ರಕ್ತದ ಕ್ರಿಯಾಟಿನಿನ್ ಆರರ ಮೇಲಿತ್ತು. ಪ್ರಯೋಗಾಲಯಗಳ ಅಳತೆಯಲ್ಲಿ ಇದು ಸಾಮಾನ್ಯವಾಗಿ 1.2ರ ಒಳಗಿರಬೇಕು. ವಾರಗಳ ಮೇಲೆ ಅದು ಎರಡರ ಹತ್ತಿರ ಬಂದು ನಿಂತಿತು. ಪೂರ್ತಿ ಇಳಿಯಲಿಲ್ಲ. ಆರು ತಿಂಗಳು ಮುಂಚೆ ಬಂದಿದ್ದರೆ ಇಳಿಯುತ್ತಿತ್ತೋ ಏನೋ.

ಇಂಥವರಿಗೆ ಟ್ಯೂಬ್ ಹಾಕಿದ ತಕ್ಷಣ ಕೆಲಸ ಮುಗಿಯಿತೆಂದು ಮನೆಗೆ ಕರೆದೊಯ್ಯಬಾರದು. ಕಟ್ಟೆ ಒಡೆದಂತೆ ಮುಂದಿನ ಒಂದೆರಡು ದಿನ ಮೂತ್ರ ವಿಪರೀತ ಹೋಗಬಹುದು. ಅದರೊಂದಿಗೆ ಲವಣಗಳೂ ಹೋಗಿ ರಕ್ತದೊತ್ತಡ ಕುಸಿಯಬಹುದು. ಆಸ್ಪತ್ರೆಯಲ್ಲಿದ್ದು ಅಳೆಯಿಸಿಕೊಳ್ಳಬೇಕು.

ನಮ್ಮ ಕಡೆ ಇದನ್ನು ಇನ್ನಷ್ಟು ಕೆಡಿಸುವ ಒಂದು ಅಭ್ಯಾಸವಿದೆ. ಕಬ್ಬು ಕಡಿದು, ಗದ್ದೆ ಕೆಲಸ ಮಾಡಿ ಸೊಂಟ ಹಿಡಿದವರು ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ಕೇಳಿ ತಿಂಗಳುಗಟ್ಟಲೆ ನುಂಗುತ್ತಾರೆ. ಡೈಕ್ಲೋಫೆನಾಕ್ ಮುಂತಾದ ಈ ಮಾತ್ರೆಗಳು ಗಟ್ಟಿ ಕಿಡ್ನಿಗೇ ಒಳ್ಳೆಯವಲ್ಲ. ಹಿನ್ನೀರಿನಲ್ಲಿ ಮುಳುಗಿರುವ ಕಿಡ್ನಿಗಂತೂ ವಿಷವೆಂದೇ ಹೇಳಬೇಕು.

ಬೀಗರ ಊಟದ ರಾತ್ರಿ

ಮೇಲೆ ಹೇಳಿದ್ದು ಸದ್ದಿಲ್ಲದೆ ಬರುವ ರೀತಿ. ಇನ್ನೊಂದು ಇದಕ್ಕೆ ತದ್ವಿರುದ್ಧ. ಊರಿಗೆಲ್ಲ ಕೇಳುವಂತೆ ಬರುತ್ತದೆ. ಇದ್ದಕ್ಕಿದ್ದಂತೆ ಮೂತ್ರ ಪೂರ್ತಿ ಕಟ್ಟಿಕೊಳ್ಳುತ್ತದೆ. ಒಂದು ಹನಿಯೂ ಬಾರದು, ಕಿಬ್ಬೊಟ್ಟೆ ಬಿರಿಯುವ ನೋವು, ಕೂರಲಾಗದು, ನಿಲ್ಲಲಾಗದು. ಹೆರಿಗೆ ನೋವಿಗೆ ಇದನ್ನು ಹೋಲಿಸುವ ಗಂಡಸರಿದ್ದಾರೆ. ಹೆಂಗಸರು ಒಪ್ಪುತ್ತಾರೋ ಇಲ್ಲವೋ ತಿಳಿಯದು.

ಇದು ಬರುವ ಸಂದರ್ಭಗಳನ್ನು ನೋಡಿ. ಮದುವೆಯ ಮರುದಿನ ಬೀಗರ ಊಟ. ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣ, ದಾರಿಯಲ್ಲಿ ನಿಲ್ಲಿಸೆನ್ನಲು ಸಂಕೋಚ, ಅಲ್ಲಿ ಹೋದ ಮೇಲೆ ಬಾಡೂಟದ ಜೊತೆಗೆ ಒಂದೆರಡು ಗ್ಲಾಸು. ಮದ್ಯ ಮೂತ್ರವನ್ನು ಬೇಗ ಬೇಗ ತುಂಬಿಸುತ್ತದೆ, ತುಂಬಿದ ಅರಿವನ್ನು ಮರೆಸುತ್ತದೆ. ಅತಿಯಾಗಿ ಹಿಗ್ಗಿದ ಮೂತ್ರಕೋಶ ಆಮೇಲೆ ಹಿಂಡಲಾರದು. ಮೇಲುಕೋಟೆಯ ವೈರಮುಡಿಗೆ ಹೋಗಿ ಜನಜಂಗುಳಿಯಲ್ಲಿ ರಾತ್ರಿಯಿಡೀ ತಡೆದುಕೊಂಡು ನಿಂತವರಿಗೂ ಇದೇ ಗತಿ ಆಗಬಹುದು. ಮಾಗಿ ಚಳಿಯಲ್ಲಿ ನೆಗಡಿ ಬಂದು ಅಂಗಡಿಯಿಂದ ಒಂದು ಶೀತದ ಮಾತ್ರೆ ತಂದು ನುಂಗಿದವರಿಗೂ ಆಗುತ್ತದೆ. ಈ ಮಾತ್ರೆಗಳಲ್ಲಿ ಮೂಗು ಬಿಡಿಸುವ ಫಿನೈಲೆಫ್ರಿನ್‌ನಂಥ ಔಷಧಿ ಮೂತ್ರಕೋಶದ ಕತ್ತನ್ನು ಬಿಗಿಯುತ್ತದೆ. ನಿದ್ದೆ ತರಿಸುವ ಕ್ಲೋರ್‌ಫೆನಿರಮೈನ್ ಮೂತ್ರಕೋಶವನ್ನು ಸಡಿಲಿಸುತ್ತದೆ. ಎರಡೂ ಕಡೆಯಿಂದ ಪೆಟ್ಟು. ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್, ನಿದ್ದೆ ಮತ್ತು ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದೇ ಸಾಲಿನವು. ಪ್ರಾಸ್ಟೇಟ್ ತೊಂದರೆ ಇರುವವರು ಯಾವ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವಾಗಲೂ "ನನಗೆ ಮೂತ್ರದ ತಡೆ ಇದೆ" ಎಂದು ಮೊದಲೇ ಹೇಳಿಬಿಡಿ. ಮಲಬದ್ಧತೆ, ಹರ್ನಿಯಾ ಮುಂತಾದ ಬೇರೆ ಶಸ್ತ್ರಚಿಕಿತ್ಸೆ, ಹಾಸಿಗೆ ಹಿಡಿಯುವುದು, ಇವುಗಳಿಂದಲೂ ಕಟ್ಟಿಕೊಳ್ಳಬಹುದು.

ಕಟ್ಟಿಕೊಂಡಾಗ ಮನೆಯಲ್ಲಿ ನಡೆಯುವುದು ಏನು? "ಉಷ್ಣ ಆಗಿದೆ" ಎಂದು ಹೊಕ್ಕುಳಿಗೆ ಹರಳೆಣ್ಣೆ. ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ ಬೀಜ ನೆನೆಸಿದ ಪಾನಕ, ಒಂದರ ಮೇಲೊಂದು. ಹರಳೆಣ್ಣೆಯಿಂದ ಕೆಡುಕೇನಿಲ್ಲ, ಹೊತ್ತು ಹೋಗುವುದೊಂದನ್ನು ಬಿಟ್ಟರೆ. ಆದರೆ ತೂಬು ಮುಚ್ಚಿದ ಕಟ್ಟೆಗೆ ಮೇಲಿನಿಂದ ನೀರು ಬಿಟ್ಟರೆ ಆಗುವುದೇನು? ಕುಡಿಸಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ, ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಕ್ಯಾತಿಟರ್ ಎಂಬ ಮೆತ್ತನೆಯ ಟ್ಯೂಬನ್ನು ಮೂತ್ರನಾಳದಲ್ಲಿ ಸೇರಿಸಿದರೆ ಕೆಲವೇ ನಿಮಿಷದಲ್ಲಿ ನೋವು ಹೋಗುತ್ತದೆ. ನಾಳದಿಂದ ಟ್ಯೂಬ್ ಹೋಗದಿದ್ದರೆ ಹೊಕ್ಕುಳಿನ ಕೆಳಗಿನಿಂದ ಹಾಕುವ ದಾರಿಯೂ ಇದೆ.

"ಟ್ಯೂಬ್ ಹಾಕಿದರೆ ಜೀವಮಾನವಿಡೀ ಅದೇ ಗತಿ" ಎಂಬ ಹೆದರಿಕೆಯಿಂದ ಬೇಡವೆನ್ನುವವರಿದ್ದಾರೆ. ಹಾಗೇನಿಲ್ಲ. ನಾಳವನ್ನು ಸಡಿಲಿಸುವ ಮಾತ್ರೆ ಕೊಟ್ಟು, ಎರಡು ಮೂರು ದಿನದ ಮೇಲೆ ಟ್ಯೂಬ್ ತೆಗೆದು ನೋಡುತ್ತಾರೆ. ಹಲವರಿಗೆ ತಾನಾಗಿಯೇ ಮೂತ್ರ ಹೋಗುತ್ತದೆ. ಹೋಗದಿದ್ದರೆ ಮುಂದಿನ ಮಾತು. ಟ್ಯೂಬ್ ಇರುವಷ್ಟು ದಿನ ಚೀಲವನ್ನು ಸೊಂಟಕ್ಕಿಂತ ಕೆಳಗೇ ಇಟ್ಟುಕೊಳ್ಳಬೇಕು, ಮುಟ್ಟುವ ಮುನ್ನ ಕೈ ತೊಳೆಯಬೇಕು, ಎಳೆಯಬಾರದು. ಒಳಗೆ ನೀರು ತುಂಬಿದ ಬುಗ್ಗೆಯೊಂದು ಅದನ್ನು ಹಿಡಿದಿರುತ್ತದೆ. ಸಾಮಾನ್ಯ ರಬ್ಬರ್ ಟ್ಯೂಬನ್ನು ಮೂರು ನಾಲ್ಕು ವಾರಕ್ಕೆ ಬದಲಾಯಿಸಬೇಕು. ನೋವಿಲ್ಲ ಎಂದು ತಿಂಗಳುಗಟ್ಟಲೆ ಬಿಟ್ಟರೆ ಅದರ ಸುತ್ತ ಕಲ್ಲು ಕಟ್ಟಿ, ತೆಗೆಯುವುದೇ ಒಂದು ಪಾಡಾಗುತ್ತದೆ.

ಉಳಿದ ತೊಡಕುಗಳು

ನಿಂತ ನೀರು ಕೆಡುತ್ತದೆ. ಪೂರ್ತಿ ಖಾಲಿಯಾಗದ ಮೂತ್ರಕೋಶದಲ್ಲಿ ಸೋಂಕು ಮರಳಿ ಮರಳಿ ಬರುತ್ತದೆ, ಉರಿಮೂತ್ರವಾಗುತ್ತದೆ. ಇದನ್ನೂ "ಉಷ್ಣ" ಎನ್ನುತ್ತೇವೆ. ಉರಿಯ ಜೊತೆ ಚಳಿಜ್ವರ ಬಂದರೆ ಸೋಂಕು ರಕ್ತಕ್ಕೆ ಏರುತ್ತಿದೆ ಎಂದೇ ತಿಳಿದು ಅಂದೇ ಆಸ್ಪತ್ರೆಗೆ ಹೋಗಬೇಕು. ನಿಂತ ಮೂತ್ರದಲ್ಲಿ ಕಲ್ಲುಗಳೂ ಬೆಳೆಯುತ್ತವೆ. ರಕ್ತನಾಳ ಒಡೆದು ಮೂತ್ರದಲ್ಲಿ ರಕ್ತ ಕಾಣಬಹುದು. ಆದರೆ ಮೂತ್ರದಲ್ಲಿ ಒಂದು ಸಲ ರಕ್ತ ಕಂಡರೂ "ಪ್ರಾಸ್ಟೇಟಿನದೇ ಇರಬೇಕು" ಎಂದು ಬಿಡಬಾರದು. ಬೀಡಿ ಸಿಗರೇಟು ಸೇದಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೀಗೆಯೇ ನೋವಿಲ್ಲದ ರಕ್ತದಿಂದ ತನ್ನ ಇರವು ತೋರಿಸುತ್ತದೆ. ವರ್ಷಗಟ್ಟಲೆ ಮುಕ್ಕಿ ಮುಕ್ಕಿ ಹರ್ನಿಯಾ ಇಳಿದವರೂ ಉಂಟು. ಅವರಿಗೆ ಹರ್ನಿಯಾ ಒಂದನ್ನೇ ಹೊಲಿದರೆ ಸಾಲದು.

ಪುಸ್ತಕಗಳಲ್ಲಿ ಅಷ್ಟಾಗಿ ಬರೆಯದ ಒಂದು ತೊಡಕು ಬೀಳುವುದು. ಹಳ್ಳಿಯ ಮನೆಗಳಲ್ಲಿ ಬಚ್ಚಲು ಹಿತ್ತಲಲ್ಲಿರುತ್ತದೆ. ನಿದ್ದೆಗಣ್ಣು, ಕರೆಂಟಿಲ್ಲ, ಮಳೆಯಲ್ಲಿ ಪಾಚಿ ಕಟ್ಟಿದ ಕಲ್ಲುಚಪ್ಪಡಿ. ನಾಲ್ಕು ಸಲ ಎದ್ದವರು ಒಂದು ಸಲ ಜಾರಿ ಬಿದ್ದು ತೊಡೆಯ ಕೀಲು ಮುರಿದುಕೊಂಡರೆ ಅಲ್ಲಿಂದಾಚೆ ಹಾಸಿಗೆಯೇ. ಚಿಕಿತ್ಸೆ ಆಗುವವರೆಗಾದರೂ ಮಂಚದ ಬಳಿ ಒಂದು ಮೂತ್ರದ ಬಾಟಲಿ, ತಲೆದೆಸೆಗೆ ಟಾರ್ಚು ಇಡಿ.

ಹಿರಿಯರು ತಮಗೆ ತಾವೇ ಮಾಡಿಕೊಳ್ಳುವ ಚಿಕಿತ್ಸೆ ನೀರು ಬಿಡುವುದು. ಬೆಳಗಿನಿಂದಲೇ ಬಾಯಾರಿಕೆ ತಡೆದುಕೊಂಡಿರುತ್ತಾರೆ. ಮೂತ್ರ ದಟ್ಟವಾಗಿ ಉರಿ, ಕಲ್ಲು, ಮಲಬದ್ಧತೆ ಹೆಚ್ಚುತ್ತವೆ. ಹಗಲಲ್ಲಿ ಎಂಟು ಲೋಟ ಕುಡಿಯಲಿ, ಸಂಜೆ ಏಳರ ಮೇಲೆ ಕಡಿಮೆ ಮಾಡಲಿ. ರಾತ್ರಿ ಊಟದ ಮೇಲಿನ ಕಾಫಿ ಬಿಡಲಿ. ಹೃದಯ, ಕಿಡ್ನಿ ತೊಂದರೆಗೆ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಅವರ ಮಾತೇ ಮಾತು.

ಸಕ್ಕರೆಯೋ, ಕ್ಯಾನ್ಸರೋ?

ರಾತ್ರಿ ಏಳುವ ಎಲ್ಲರಿಗೂ ಪ್ರಾಸ್ಟೇಟ್ ಅಲ್ಲ. ಸಕ್ಕರೆ ಕಾಯಿಲೆಯೂ ಹೀಗೆ ಮಾಡುತ್ತದೆ. ಸಣ್ಣ ಗುರುತು ಹೇಳುತ್ತೇನೆ. ಸಕ್ಕರೆಯವರಿಗೆ ಪ್ರತಿ ಸಲವೂ ಧಾರಾಳವಾಗಿ ಹೋಗುತ್ತದೆ, ಬಾಯಾರಿಕೆ ಇರುತ್ತದೆ. ಪ್ರಾಸ್ಟೇಟಿನವರಿಗೆ ಹೋಗುವುದು ಸ್ವಲ್ಪವೇ, ತಿಣುಕಿ ತಿಣುಕಿ. ಎರಡೂ ಒಟ್ಟಿಗೆ ಇರುವವರೂ ಬಹಳ ಜನ. ಹಳೆಯ ಸಕ್ಕರೆ ಕಾಯಿಲೆ ಮೂತ್ರಕೋಶದ ನರಗಳನ್ನೇ ಮಂಕಾಗಿಸುವುದರಿಂದ ಅವರಲ್ಲಿ ನೋವಿಲ್ಲದ ತುಂಬುವಿಕೆಯ ಅಪಾಯ ಇಮ್ಮಡಿ.

ಈ ವಯಸ್ಸಹಜ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಆದರೆ ಅದೇ ಗ್ರಂಥಿಯಲ್ಲಿ ಬೇರೆಯಾಗಿ ಕ್ಯಾನ್ಸರ್ ಬರಬಹುದು. ಅದಕ್ಕಾಗಿಯೇ ವೈದ್ಯರು ಕೈಗವಸು ತೊಟ್ಟು ಗುದದ್ವಾರದಿಂದ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡುವುದು. ಅರ್ಧ ನಿಮಿಷದ ಪರೀಕ್ಷೆ. ಇದಕ್ಕೆ ಹೆದರಿ ಎದ್ದು ಓಡಬೇಡಿ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯೂ ಇದೆ. ಅದು ಕ್ಯಾನ್ಸರಿನಲ್ಲಿ ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬರೀ ಗ್ರಂಥಿ ದೊಡ್ಡದಾದರೂ, ಸೋಂಕಾದರೂ, ಮೂತ್ರ ಕಟ್ಟಿ ಟ್ಯೂಬ್ ಹಾಕಿದಾಗಲೂ ಏರುತ್ತದೆ ಎಂಬುದು ಗೊತ್ತಿಲ್ಲ. ಅಂಥ ಸಮಯದಲ್ಲಿ ಮಾಡಿಸಿದ ವರದಿ ಹಿಡಿದು ಮನೆಮಂದಿಯೆಲ್ಲ ಅಳುವುದನ್ನು ನೋಡಿದ್ದೇನೆ. ಒಂದೆರಡು ತಿಂಗಳು ಬಿಟ್ಟು ಮಾಡಿಸಿದರೆ ಎಷ್ಟೋ ಸಲ ಇಳಿದಿರುತ್ತದೆ.

ಮೊದಲ ಭೇಟಿಯಲ್ಲಿ ಬೇಕಾದ ಪರೀಕ್ಷೆಗಳು ದುಬಾರಿಯವಲ್ಲ: ಮೂತ್ರ, ರಕ್ತದ ಸಕ್ಕರೆ, ಕ್ರಿಯಾಟಿನಿನ್, ಹೊಟ್ಟೆಯ ಅಲ್ಟ್ರಾಸೌಂಡ್. ಸ್ಕ್ಯಾನಿಂಗ್ ಮಾಡುವವರಿಗೆ ಮೂತ್ರ ಮಾಡಿ ಬಂದ ಮೇಲೆ ಇನ್ನೊಮ್ಮೆ ನೋಡಿ ಎಷ್ಟು ಉಳಿದಿದೆ ಎಂದು ಅಳೆದು ಬರೆಯಲು ಹೇಳಿ. ಗ್ರಂಥಿಯ ಗ್ರಾಂ ಲೆಕ್ಕಕ್ಕಿಂತ ಈ ಒಂದು ಸಂಖ್ಯೆ, ಮತ್ತು ಕಿಡ್ನಿ ಹಿಗ್ಗಿದೆಯೇ ಎಂಬ ಒಂದು ಸಾಲು, ಹೆಚ್ಚು ಮುಖ್ಯ.

ಮಾತ್ರೆ, ಶಸ್ತ್ರಚಿಕಿತ್ಸೆ

ತೊಂದರೆ ಅಲ್ಪವಾಗಿದ್ದು ಕಿಡ್ನಿ ಚೆನ್ನಾಗಿದ್ದರೆ ಔಷಧಿ ಬೇಡ, ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕು. ಮಾತ್ರೆಗಳಲ್ಲಿ ಎರಡು ಜಾತಿ. ಟ್ಯಾಮ್ಸುಲೋಸಿನ್, ಸಿಲೋಡೋಸಿನ್ ಮುಂತಾದವು ನಾಳದ ಬಿಗಿ ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಥಟ್ಟನೆ ಎದ್ದರೆ ತಲೆ ಸುತ್ತಬಹುದು, ಆದ್ದರಿಂದ ಸಾಮಾನ್ಯವಾಗಿ ರಾತ್ರಿ ಊಟವಾದ ಮೇಲೆ ಕೊಡುತ್ತೇವೆ. ವೀರ್ಯ ಹೊರಬಾರದಿರಬಹುದು, ಅದರಿಂದ ಹಾನಿಯಿಲ್ಲ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಹೋಗುವವರು ಈ ಮಾತ್ರೆ ನುಂಗುತ್ತಿರುವುದನ್ನು ಕಣ್ಣಿನ ವೈದ್ಯರಿಗೆ ತಪ್ಪದೆ ಹೇಳಬೇಕು. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಎಂಬ ಇನ್ನೊಂದು ಜಾತಿ ದೊಡ್ಡ ಗ್ರಂಥಿಯನ್ನು ಕುಗ್ಗಿಸುತ್ತದೆ, ಆದರೆ ಆರು ತಿಂಗಳ ತಾಳ್ಮೆ ಬೇಕು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಪಿ.ಎಸ್.ಎ. ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯುವುದರಿಂದ ಅದನ್ನು ಓದುವ ವೈದ್ಯರಿಗೂ ಈ ವಿಷಯ ತಿಳಿದಿರಬೇಕು. ಬಸುರಿ ಹೆಂಗಸರು ಈ ಮಾತ್ರೆಯ ಪುಡಿಯನ್ನು ಮುಟ್ಟಬಾರದು.

ಮಾತ್ರೆಯಿಂದ ಧಾರೆ ಸರಿಯಾಯಿತು ಎಂದು ಮಾತ್ರೆಯನ್ನೇ ನಂಬಿ ವರ್ಷಗಟ್ಟಲೆ ಪರೀಕ್ಷೆಗೆ ಬಾರದಿರುವವರೂ ಅಪಾಯದಲ್ಲೇ ಇರುತ್ತಾರೆ. ಹಿನ್ನೀರಿನಿಂದ ಕಿಡ್ನಿ ಹಿಗ್ಗಿದ್ದರೆ, ಟ್ಯೂಬ್ ತೆಗೆದರೆ ಮತ್ತೆ ಮತ್ತೆ ಕಟ್ಟಿಕೊಂಡರೆ, ಮೂತ್ರಕೋಶದಲ್ಲಿ ಕಲ್ಲಿದ್ದರೆ, ಸೋಂಕು ಅಥವಾ ರಕ್ತ ಮರುಕಳಿಸುತ್ತಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು.

ಈ ಶಸ್ತ್ರಚಿಕಿತ್ಸೆಗೆ ನಮ್ಮ ದೇಶದ ನಂಟೂ ಇದೆ. ಇಲ್ಲಿನ ಬ್ರಿಟಿಷ್ ಸರ್ಕಾರದ ವೈದ್ಯಕೀಯ ಸೇವೆಯಲ್ಲಿ ಇಪ್ಪತ್ತು ವರ್ಷ ಮೂತ್ರಕೋಶದ ಕಲ್ಲು ತೆಗೆದು ಹೆಸರಾದ ಪೀಟರ್ ಫ್ರೇಯರ್ ಎಂಬ ಐರಿಷ್ ವೈದ್ಯ, ಲಂಡನ್ನಿಗೆ ಹಿಂದಿರುಗಿದ ಮೇಲೆ 1900ರಲ್ಲಿ ಕಿಬ್ಬೊಟ್ಟೆ ಕೊಯ್ದು ಪ್ರಾಸ್ಟೇಟನ್ನು ತೆಗೆಯುವ ವಿಧಾನವನ್ನು ಬಳಕೆಗೆ ತಂದ. ಇಂದು ಬಹುಪಾಲು ಹೊಟ್ಟೆ ಕೊಯ್ಯಬೇಕಾಗಿಲ್ಲ. ಸೊಂಟದ ಕೆಳಗೆ ಮರಗಟ್ಟಿಸಿ, ಮೂತ್ರನಾಳದಿಂದಲೇ ದುರ್ಬೀನು ಹಾಕಿ, ಬೆಳೆದ ಭಾಗವನ್ನು ಒಳಗಿನಿಂದ ಹೆರೆದು ತೆಗೆಯುತ್ತಾರೆ. ಇದಕ್ಕೆ ಟಿ.ಯು.ಆರ್.ಪಿ. ಎಂದು ಹೆಸರು. ಲೇಸರ್ ವಿಧಾನಗಳೂ ಬಂದಿವೆ. ಕಿತ್ತಳೆಯ ತೊಳೆ ತೆಗೆದು ಸಿಪ್ಪೆ ಬಿಟ್ಟಂತೆ ಗ್ರಂಥಿಯ ಹೊರಭಾಗ ಉಳಿಯುತ್ತದೆ. ಹಾಗಾಗಿ ಆಪರೇಷನ್ ಆಗಿದೆಯೆಂದು ಮುಂದೆ ಕ್ಯಾನ್ಸರಿನ ತಪಾಸಣೆ ಬೇಡವೆನ್ನುವಂತಿಲ್ಲ. "ಗಂಡಸುತನ ಹೋಗುತ್ತದೆ" ಎಂಬ ಭಯವೇ ಹಲವರನ್ನು ತಡೆಯುತ್ತದೆ. ನಿಮಿರುವ ಶಕ್ತಿ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ. ವೀರ್ಯ ಹೊರಬರುವ ಬದಲು ಮೂತ್ರಕೋಶಕ್ಕೆ ಹೋಗುವುದು ಮಾತ್ರ ಸಾಮಾನ್ಯ. ಇದನ್ನು ಮುಂಚೆಯೇ ಗಂಡ ಹೆಂಡತಿ ಇಬ್ಬರಿಗೂ ತಿಳಿಸಿಬಿಟ್ಟರೆ ಆಮೇಲೆ ಗಾಬರಿಯಿಲ್ಲ.

ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಈ ನಾಲ್ಕು ತಾಲ್ಲೂಕಿನವರಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು. ಮೂತ್ರರೋಗ ತಜ್ಞರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿಕೊಂಡು ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿ ಮತ್ತು ಮೂತ್ರರೋಗಗಳಿಗೆಂದೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಪಡಿತರ ಚೀಟಿ, ಆಧಾರ್ ಕಾರ್ಡು ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ, ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಯಲ್ಲಿ, ನಿಮ್ಮ ಚಿಕಿತ್ಸೆಗೆ ಏನು ಸಿಗುತ್ತದೆಂದು ದಾಖಲಾಗುವ ಮೊದಲೇ ಕೇಳಿ. ಹೃದಯಕ್ಕೆಂದು ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಚೀಟಿ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಆಪರೇಷನ್ ಆದ ಎರಡು ಮೂರು ದಿನಕ್ಕೆ ಸಾಮಾನ್ಯವಾಗಿ ಟ್ಯೂಬ್ ತೆಗೆಯುತ್ತಾರೆ. ಮೊದಲ ವಾರಗಳಲ್ಲಿ ಉರಿ, ಅವಸರ ಇರುತ್ತದೆ, ಇಳಿಯುತ್ತದೆ. ಎರಡನೆಯ ವಾರದಲ್ಲಿ ಒಳಗಿನ ಹೊಪ್ಪಳೆ ಉದುರಿ ಮೂತ್ರ ಕೆಂಪಾಗಬಹುದು. ನೀರು ಕುಡಿದು ಮಲಗಿದರೆ ಸರಿಹೋಗುತ್ತದೆ. ಗರಣೆ ಗರಣೆಯಾಗಿ ಬಂದರೆ, ಕಟ್ಟಿಕೊಂಡರೆ ಆಸ್ಪತ್ರೆಗೆ ಬನ್ನಿ. ಆರು ವಾರ ಟ್ರ್ಯಾಕ್ಟರ್, ಬೈಕು, ಭಾರ ಹೊರುವುದು ಬೇಡ, ಮಲಬದ್ಧತೆಯೂ ಆಗಬಾರದು. ಆಪರೇಷನ್‌ಗೆ ಮುಂಚೆಯೇ ಕ್ರಿಯಾಟಿನಿನ್ ಏರಿದ್ದವರು ಧಾರೆ ಚೆನ್ನಾಗಿ ಬರುತ್ತಿದೆ ಎಂದು ಅದನ್ನು ಮರೆಯಬಾರದು. ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮತ್ತು ರಕ್ತದೊತ್ತಡ ನೋಡಿಸುತ್ತಿರಬೇಕು. ಸೊಂಟ ನೋವು ಬಂದಾಗ ನೋವಿನ ಮಾತ್ರೆಗೆ ಅಂಗಡಿಗೆ ಹೋಗುವ ಬದಲು, ಆ ಹಳೆಯ ವರದಿ ಹಿಡಿದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ.